ನಾಗವೇಣಿ ಪರೀಕ್ಷೆ ಬರೆದ ವರ್ಷ

ಹೋದ ತಿಂಗಳು ಮಗಳನ್ನು ಒಂದು ಪ್ರವೇಶ ಪರೀಕ್ಷೆಗೆ ಬಿಡಲು ದಟ್ಟಗಳ್ಳಿಯ ಆ ಕಾಲೇಜಿಗೆ ಹೋಗಬೇಕಾಯಿತು. ಹಾಲ್ ಟಿಕೆಟ್ಟಿನಲ್ಲಿ ಕೇಂದ್ರದ ಹೆಸರನ್ನು ಎರಡೆರಡು ಸಲ ಓದಿದ್ದೆ. ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದದ್ದೇ ತಡ, ಆ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಗಾಳಿ ಕಾಣದ ಕಾರ್ಪೆಟ್ಟು, ಬಿಸಿಯಾದ ಯಂತ್ರ, ಅದೆಲ್ಲದರ ಮೇಲೆ ಯಾರೋ ಬೆಳಿಗ್ಗೆ ಹೊಡೆದ ನಿಂಬೆಹಣ್ಣಿನ ಸ್ಪ್ರೇ. ಐದು ವರ್ಷದ ಹಿಂದೆಯೂ ಅದೇ ವಾಸನೆ ಇತ್ತು. ಮಗಳು ಒಳಗೆ ಹೋದಳು, ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಗ ನಾನು ಸರಸ್ವತಿಪುರಂನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಕೆಳಗೆ ಟ್ಯುಟೋರಿಯಲ್, ಮೇಲೆ ನಾವು ಹದಿನಾಲ್ಕು ಜನ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆ ಕೆಲಸಕ್ಕೆಂದೇ ಹುಟ್ಟಿದವಳು ಇವಳು ಅಂತ ನನ್ನ ಗಂಡ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದೂ ನಿಜ. ಆ ಬೇಸಿಗೆಯಲ್ಲಿ ನಮಗೆ ಒಂದು ಸರ್ಕಾರಿ ನೇಮಕಾತಿ ಪರೀಕ್ಷೆಯ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಅಭ್ಯರ್ಥಿಗಳು ಕಂಪ್ಯೂಟರಿನಲ್ಲೇ ಪ್ರಶ್ನೆ ಓದಿ, ಅಲ್ಲೇ ಉತ್ತರ ಒತ್ತಬೇಕು. ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು: ಅಂಗವಿಕಲರೂ ಸ್ವತಂತ್ರವಾಗಿ ಬಳಸುವಂತಿರಬೇಕು.

"ಇದೊಂದ್ ಲೈನ್ ಇದೆ ಕಣ್ರೀ ಸುಮಾ, ನೀವೇ ನೋಡ್ಕೊಂಬಿಡಿ," ಅಂದರು ನಮ್ಮ ಮಾಲೀಕರಾದ ಪ್ರಭಾಕರ್.

ನೋಡಿಕೊಂಡೆ. ಪ್ರೋಗ್ರಾಮ್ ಬರೆದವನು ಇಮ್ರಾನ್. ಉದಯಗಿರಿಯವನು, ಎರಡು ಮಕ್ಕಳ ತಂದೆ, ನಮ್ಮಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎನ್ನುವ ಸಾಧನದಿಂದ. ಪರದೆಯ ಮೇಲೆ ಏನಿದೆಯೋ ಅದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ, ಅವರು ಕೀಲಿಮಣೆಯಿಂದಲೇ ಎಲ್ಲ ಕೆಲಸ ಮಾಡುತ್ತಾರೆ. ನಾವಿಬ್ಬರೂ ಎರಡು ತಿಂಗಳು ಕೂತು, ಪ್ರತಿ ಬಟನ್ನಿಗೂ ಹೆಸರು ಕೊಟ್ಟು, ಪ್ರತಿ ಪ್ರಶ್ನೆಯೂ ಅದರ ಕಣ್ಣಿಗೆ ಬೀಳುವ ಹಾಗೆ ಮಾಡಿ, ಇಪ್ಪತ್ತೆಂಟು ಅಂಶಗಳ ಪಟ್ಟಿಗೆ ಇಪ್ಪತ್ತೆಂಟು ಟಿಕ್ ಹಾಕಿದೆವು. ಉಳಿದಿರುವ ಸಮಯವನ್ನೂ ಅದು ಹೇಳಬೇಕು ಎಂದು ಸೇರಿಸಿದವಳು ನಾನೇ. ಪಾಪ, ಅವರಿಗೆ ಗಡಿಯಾರ ಕಾಣುವುದಿಲ್ಲವಲ್ಲ ಅನ್ನಿಸಿತ್ತು.

ಜೂನ್ ಮೊದಲ ವಾರ ಇಮ್ರಾನ್ ಹೇಳಿದ, "ಮೇಡಂ, ನಮ್ ಏರಿಯಾದಲ್ಲಿ ಒಬ್ರು ನಾಗವೇಣಿ ಅಂತ ಇದ್ದಾರೆ. ಕಣ್ ಕಾಣಲ್ಲ. ಇದೇ ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ. ಒಂದ್ಸಲ ತೋರಿಸೋಣ್ವಾ?"

ತೋರಿಸೋಣ, ಖುಷಿಪಡಲಿ ಅಂದುಕೊಂಡೆ. ಹೌದು, ಖುಷಿಪಡಲಿ ಅಂತಲೇ.

ಶನಿವಾರ ಜಿಟಿಜಿಟಿ ಮಳೆಯಲ್ಲಿ ಆಟೋದಿಂದ ಇಳಿದು, ಇಮ್ರಾನನ ಮೊಣಕೈ ಹಿಡಿದು ಮೇಲೆ ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಹೆಗಲಿಗೆ ಒಂದು ಕಂದು ಬ್ಯಾಗು. ಹುಣಸೂರು ಕಡೆಯವಳು. ಅಣ್ಣನ ಮನೆಯಲ್ಲಿದ್ದುಕೊಂಡು ಒಂದು ನರ್ಸಿಂಗ್ ಹೋಮಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಕಾಫಿ ಕುಡಿಯುತ್ತಾ ತಾನಾಗಿಯೇ ಹೇಳಿದಳು, ವಯೋಮಿತಿ ಮುಗಿಯುತ್ತಾ ಬಂತು, ಸರ್ಕಾರಿ ಕೆಲಸಕ್ಕೆ ಇದೇ ಕೊನೆಯ ಪರೀಕ್ಷೆ ಅಂತ. ಇಲ್ಲಿಯವರೆಗೆ ಎಲ್ಲ ಪರೀಕ್ಷೆಯನ್ನೂ ಬರೆಯುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದವಳು. ಇವಳು ಬಾಯಲ್ಲಿ ಹೇಳಬೇಕು, ಪಕ್ಕದವರು ಗುರುತು ಹಾಕಬೇಕು.

"ಓದ್ಸಲ ಒಂದ್ ಪಿಯುಸಿ ಹುಡ್ಗಿ ಕೊಟ್ಟಿದ್ರು ಮೇಡಂ. ಬಾಳ ಒಳ್ಳೆ ಮಗು. ಮುಗುಸ್ಕೊಂಡು ಮೆಟ್ಲಿಳೀವಾಗ ಏಳ್ತು, ಅಕ್ಕ ಎರಡ್ ಉತ್ರ ತಪ್ಪೇಳಿದ್ರಿ, ನಾನೇ ಸರಿ ಮಾಡ್ಬುಟ್ಟೆ ಅಂತ."

"ಅಯ್ಯೋ ದೇವರೇ. ಸರಿ ಇತ್ತಾ, ನೀವು ಹೇಳಿದ್ದು?"

"ಸರಿಯಾಗೇ ಇತ್ತು. ಒಂದ್ ಮಾರ್ಕಲ್ಲಿ ಓಯ್ತು ಆ ಸಲ." ಲೋಟ ಕೆಳಗಿಟ್ಟಳು. "ಎರಡು ಅಂತ ಅದೇ ಏಳ್ತು. ಇನ್ನೆಷ್ಟ್ ಬದಲಾಯ್ಸಿತ್ತೋ ಯಾರಿಗ್ಗೊತ್ತು? ಆವತ್ತೇ ತೀರ್ಮಾನ ಮಾಡ್ದೆ. ತಪ್ಪಾಗ್ಲಿ, ಸರಿಯಾಗ್ಲಿ, ಇನ್ಮೇಲೆ ನನ್ ಕೈಯಲ್ಲೇ ಆಗ್ಬೇಕು."

ಒಳ್ಳೆಯತನದಿಂದ ಒಬ್ಬರ ಬದುಕನ್ನು ಇಷ್ಟು ಸಲೀಸಾಗಿ ಕೆಡಿಸಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಅದಕ್ಕೇ ನೋಡಿ ನಾವು ಮಾಡಿದ್ದೇವೆ, ಬನ್ನಿ ಬನ್ನಿ ಅಂತ ಹೆಮ್ಮೆಯಿಂದ ಕಂಪ್ಯೂಟರಿನ ಮುಂದೆ ಕೂರಿಸಿದೆ.

ಅವಳು ತನ್ನ ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ಸಿಕ್ಕಿಸಿ ಹಾಕಿಕೊಂಡಳು. ಬೆರಳುಗಳು ಕೀಲಿಗಳ ಮೇಲೆ ಹೋದವು, ನಿಂತವು. ಮತ್ತೆ ಏನೋ ಒತ್ತಿದಳು, ಮತ್ತೆ ನಿಂತಳು. ಹುಬ್ಬು ಗಂಟಿಕ್ಕಿತು. ಎರಡು ನಿಮಿಷ ಕಳೆದ ಮೇಲೆ ಹೆಡ್‌ಫೋನ್ ಬಿಚ್ಚಿ ನಾನಿದ್ದ ಕಡೆಗೆ ಚಾಚಿದಳು.

"ಮೇಡಂ, ನೀವೊಂದ್ಸಲ ಕೇಳ್ನೋಡಿ."

ಹಾಕಿಕೊಂಡೆ. "ಪ್ರಶ್ನೆ ಒಂದು. ಈ ಕೆಳಗಿನ" ಅಂತು. ಅಷ್ಟರಲ್ಲೇ "ಉಳಿದ ಸಮಯ ಒಂದು ಗಂಟೆ" ಅಂತು. ಮತ್ತೆ "ಉಳಿದ ಸಮಯ ಒಂದು ಗಂಟೆ". ಮತ್ತೆ. ಮತ್ತೆ. ಗಡಿಯಾರದ ಮುಳ್ಳು ಪ್ರತಿ ಸೆಕೆಂಡಿಗೂ ಸರಿಯುತ್ತಿತ್ತು, ಸರಿದಾಗಲೆಲ್ಲ ಅದು ಸಮಯ ಹೇಳಲು ಹೊಸದಾಗಿ ಶುರು ಮಾಡುತ್ತಿತ್ತು. ಪ್ರಶ್ನೆ ಎರಡನೇ ಪದದಾಚೆ ಹೋಗುತ್ತಿರಲಿಲ್ಲ. ಸಮಯವೂ ಒಂದು ಗಂಟೆಯಾಚೆ ಹೋಗಿ ನಿಮಿಷ ಹೇಳುತ್ತಿರಲಿಲ್ಲ. ನಾನು ಕಿವಿಯಿಂದ ಅದನ್ನು ಕಿತ್ತು ಮೇಜಿನ ಮೇಲಿಟ್ಟೆ.

"ಯಾರೂ ಕೇಳೇ ಇರ್ಲಿಲ್ವಾ ಇದ್ನ?" ಅಂದಳು ನಾಗವೇಣಿ. ಕುಹಕವಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

ಕೇಳಿರಲಿಲ್ಲ. ಎರಡು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕೆಳಗಿನ ಟ್ಯುಟೋರಿಯಲ್ ಮೇಷ್ಟ್ರು ನಿಮ್ಮ ಯಂತ್ರದ ವಟವಟ ನಿಲ್ಲಿಸಿ ಅಂತ ಎರಡು ಸಲ ಮೇಲೆ ಬಂದು ಜಗಳ ಆಡಿ ಹೋದ ಮೇಲೆ ನಾವು ಸೌಂಡ್ ಬಂದ್ ಮಾಡಿದ್ದೆವು. ಹೆಡ್‌ಫೋನ್ ಹಾಕಿಕೊಂಡರೆ ನನಗೆ ತಲೆನೋವು. ಸ್ಕ್ರೀನ್ ರೀಡರಿನಲ್ಲಿ ಇನ್ನೊಂದು ಅನುಕೂಲವಿದೆ, ಅದು ಏನು ಮಾತಾಡುತ್ತದೋ ಅದನ್ನು ಪಕ್ಕದ ಸಣ್ಣ ಕಿಟಕಿಯಲ್ಲಿ ಅಕ್ಷರದಲ್ಲೂ ತೋರಿಸುತ್ತದೆ. ನಾವು ಆ ಕಿಟಕಿಯನ್ನು ಓದಿಕೊಂಡು ಎಲ್ಲ ಸರಿಯಾಗಿದೆ ಅಂತ ಟಿಕ್ ಹಾಕಿದ್ದೆವು. ಕಣ್ಣಿಲ್ಲದವರಿಗಾಗಿ ಮಾತಾಡುವ ಸಾಫ್ಟ್‌ವೇರನ್ನು ಕಣ್ಣಲ್ಲಿ ಓದಿ ಪಾಸ್ ಮಾಡಿದ್ದೆವು. ನಾನು ಹದಿನೆಂಟು ವರ್ಷ ಬೇರೆಯವರ ತಪ್ಪು ಹುಡುಕಿ ಮರ್ಯಾದೆ ಗಳಿಸಿದವಳು. ಇಮ್ರಾನ್ ನೆಲ ನೋಡುತ್ತಾ ನಿಂತಿದ್ದ.

"ಓಗ್ಲಿ ಬುಡಿ," ಅಂದಳು ಅವಳು. "ಸರಿ ಮಾಡುದ್ರಾಯ್ತು. ಟೇಮಿದ್ಯಲ್ಲ."

ಅಲ್ಲಿಂದ ಅಕ್ಟೋಬರಿನವರೆಗೆ ಪ್ರತಿ ಶನಿವಾರ ಬಂದಳು. ಅದು ಅವಳ ವಾರದ ರಜೆ. ಮಳೆ ಜೋರಾಗಿದ್ದ ದಿನ ಇಮ್ರಾನ್ ಬೈಕ್ ಬಿಟ್ಟು ಆಟೋದಲ್ಲಿ ಕರೆತರುತ್ತಿದ್ದ. ನಾವು ಮಾನಿಟರನ್ನು ಆರಿಸಿ ಕೂರುವುದನ್ನು ಕಲಿತೆವು. ಮೊದಲ ದಿನ ನಾನು ಹಾಗೆ ಕೂತು ಮೂರು ಪ್ರಶ್ನೆಗೆ ಉತ್ತರ ಒತ್ತುವಷ್ಟರಲ್ಲಿ ಬೆವತುಹೋದೆ. ಅವಳು ಕೇಳುವ ವೇಗವೋ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಪಟಪಟ ಅನ್ನುತ್ತಿತ್ತು, ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. "ನೀವೆಲ್ಲ ಎತ್ತಿನ್ ಗಾಡೀಲ್ ಓಯ್ತಿದ್ದೀರಿ," ಅಂತ ನಗುತ್ತಿದ್ದಳು. ಗಡಿಯಾರ ಕೇಳಿದಾಗ ಮಾತ್ರ ಮಾತಾಡುವ ಹಾಗಾಯಿತು. ಗ್ರಾಫಿನ ಪ್ರಶ್ನೆಗಳಿಗೆ ಮಾತಿನ ವಿವರಣೆ ಬಂತು. ಒಂದು ಮಧ್ಯಾಹ್ನ ಮೂಲೆ ಹೋಟೆಲಿನಿಂದ ತರಿಸಿದ ದೋಸೆ ತಿನ್ನುತ್ತಾ, "ಸುಮಕ್ಕ, ಚಟ್ನಿ ಇತ್ಲಾಗ್ ತಳ್ಳಿ," ಅಂದಳು. ಮೇಡಂ ಎಲ್ಲಿ ಹೋಯಿತೋ, ಅವಳೂ ಗಮನಿಸಲಿಲ್ಲ, ನಾನೂ ಕೇಳಲಿಲ್ಲ.

ದಸರಾ ಮುಗಿದ ಮೇಲಿನ ಕೊನೆಯ ಶನಿವಾರ ಅವಳು ನೂರು ಮಾದರಿ ಪ್ರಶ್ನೆಗಳನ್ನು ಸಮಯಕ್ಕೆ ಮೊದಲೇ ಮುಗಿಸಿ ಎದ್ದು ನಿಂತಳು. ತೊಂಬತ್ತೊಂದು ಸರಿ. ಪ್ರಭಾಕರ್ ಪೇಡೆ ಹಂಚಿದರು. ಅವತ್ತು ನಾನು ಬಹಳ ವರ್ಷಗಳ ನಂತರ ನನ್ನ ಕೆಲಸದ ಬಗ್ಗೆ ಖುಷಿಯಾಗಿ ಮನೆಗೆ ಹೋದೆ.

ಪರೀಕ್ಷೆ ನವೆಂಬರಿನ ಒಂದು ಭಾನುವಾರ. ಕಂಪನಿಯ ಕಡೆಯಿಂದ ದಟ್ಟಗಳ್ಳಿಯ ಕೇಂದ್ರಕ್ಕೆ ನಾನೇ ಹೋದೆ. ಬರೆಯುವವರು ಬೇಡ, ಸ್ಕ್ರೀನ್ ರೀಡರ್ ಸಾಕು ಎಂದು ಕೇಳಿದ್ದವಳು ನಾಗವೇಣಿಯೊಬ್ಬಳೇ, ಅವಳಿಗೆ ಮೂಲೆಯ ಯಂತ್ರ ಕೊಟ್ಟಿದ್ದರು. ದೃಷ್ಟಿ ಇಲ್ಲದವರಿಗೆ ಕೊಡುವ ಹೆಚ್ಚಿನ ಸಮಯ ಸೇರಿ ಅವಳಿಗೆ ಎರಡು ಗಂಟೆ ನಲವತ್ತು ನಿಮಿಷ. ಹತ್ತಕ್ಕೆ ಸರಿಯಾಗಿ ಎಲ್ಲರ ಪರದೆಯೂ ಬೆಳಗಿತು. ಅವಳು ಹೆಡ್‌ಫೋನ್ ಹಾಕಿಕೊಂಡು ಒಂದು ಕೀಲಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ಕೈ ಎತ್ತಿದಳು.

"ಸುಮಕ್ಕ, ಏನೂ ಕೇಳುಸ್ತಿಲ್ಲ."

ಹೆಡ್‌ಫೋನ್ ಬದಲಾಯಿಸಿದೆವು. ಯಂತ್ರ ಬದಲಾಯಿಸಿದೆವು. ಯಾವುದರಲ್ಲೂ ಚಿಟ್ ಅನ್ನುವ ಸದ್ದಿಲ್ಲ. ಲ್ಯಾಬಿನ ತಂತ್ರಜ್ಞನ ಮೇಲೆ ನಾನು ಹರಿಹಾಯ್ದೆ, ಸೌಂಡ್ ನೋಡಿಕೊಳ್ಳುವುದಕ್ಕೂ ಆಗುವುದಿಲ್ಲವಾ ನಿಮಗೆ ಅಂತ. ಅವರು ಪಾಪ ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು.

"ನಿಮ್ ಆಫೀಸಿಂದ್ಲೇ ಬಂದಿರೋದು ಮೇಡಂ. ಹಾಗೇ ಮಾಡಿದ್ದೀವಿ."

ಕೇಂದ್ರಗಳ ಯಂತ್ರಗಳನ್ನು ಹೇಗೆ ಸಿದ್ಧಪಡಿಸಬೇಕು ಎಂಬ ಸೂಚನೆಗಳ ಹಾಳೆ ಅದು. ಹನ್ನೊಂದನೇ ಅಂಶ: ಶಬ್ದದ ಅಗತ್ಯವಿಲ್ಲ, ಎಲ್ಲ ಯಂತ್ರಗಳಲ್ಲೂ ಸ್ಥಗಿತಗೊಳಿಸುವುದು. ಕೆಳಗೆ ಮೇ ತಿಂಗಳ ದಿನಾಂಕ. ಅದರ ಕೆಳಗೆ ನನ್ನ ಸಹಿ.

ನಾವು ಸದ್ದು ಮುಚ್ಚಿಕೊಂಡು ಪರೀಕ್ಷೆ ಮಾಡುತ್ತಿದ್ದ ದಿನಗಳಲ್ಲಿ, ಸದ್ದು ಬೇಕಾಗುವುದೇ ಇಲ್ಲವಲ್ಲ ಅಂತ ನಾನೇ ಬರೆದು ಕಳಿಸಿದ್ದ ಹಾಳೆ. ಆಮೇಲೆ ಐದು ತಿಂಗಳು ಸಾಫ್ಟ್‌ವೇರಿನ ಒಂದೊಂದು ಸಾಲನ್ನೂ ತಿದ್ದಿದೆವು. ಈ ಹಾಳೆ ಯಾರಿಗೂ ನೆನಪಾಗಲಿಲ್ಲ. ನನಗೂ.

ಬಂದ್ ಮಾಡಿದ ಸೌಂಡನ್ನು ಕೇಂದ್ರದಲ್ಲಿ ತೆರೆಯುವ ಹಾಗಿರಲಿಲ್ಲ, ಪರೀಕ್ಷೆ ನಡೆಸುವವರ ಮುಖ್ಯ ಕಚೇರಿಯಿಂದ ಅನುಮತಿ ಬರಬೇಕು. ಗಡಿಯಾರ ನಿಲ್ಲಿಸೋಣವೆಂದರೆ ಅದನ್ನು ಯಾರೂ ಮುಟ್ಟದ ಹಾಗೆ ಮಾಡಿದವರೂ ನಾವೇ, ಮೋಸ ಆಗಬಾರದೆಂದು. ನಾನು ಒಂದು ಫೋನಿನಲ್ಲಿ, ಇಮ್ರಾನ್ ಆಫೀಸಿನಿಂದ ಇನ್ನೊಂದರಲ್ಲಿ. ಹತ್ತು ನಿಮಿಷ ಹೋಯಿತು. ಇಪ್ಪತ್ತು ಹೋಯಿತು. ಕೇಂದ್ರದ ಮೇಲ್ವಿಚಾರಕರು ಬಂದು ನಿಧಾನವಾಗಿ ಹೇಳಿದರು, "ಬರೆಯೋಕೆ ಒಬ್ಬರನ್ನ ರೆಡಿ ಇಟ್ಟಿದ್ದೀವಮ್ಮ. ಈಗ್ಲೇ ಕೂರಿಸ್ತೀವಿ. ಸುಮ್ನೆ ಟೈಮ್ ಯಾಕೆ ಕಳೀತೀರಿ?"

ನಾಗವೇಣಿ ತಲೆ ಅಲ್ಲಾಡಿಸಿದಳು. ನಾನು ಅವಳ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತೆ.

"ನಾಗವೇಣಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಸಲ ಒಪ್ಕೊಂಬಿಡಿ. ಕೊನೇ ಸಲ ಕಣ್ರೀ ಇದು."

"ಕೊನೇ ಸಲ ಅಂತ್ಲೇ ಬ್ಯಾಡ ಅಂತಿರೋದು ಸುಮಕ್ಕ. ನೀವ್ ಓಗಿ, ಫೋನ್ ಮಾಡಿ."

ಎರಡು ಕೈಯನ್ನೂ ಕೀಲಿಮಣೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುತ್ತ ಅರವತ್ತು ಜನ ಟಕ್ ಟಕ್ ಅಂತ ಉತ್ತರ ಒತ್ತುತ್ತಿದ್ದರು, ಅದನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದಳು. ನಾನು ಅತ್ತೆ. ನನ್ನ ಅಳು ಅವಳ ಕಿವಿಗೆ ಬೀಳಬಾರದೆಂದು ಹೊರಗೆ ಬಂದು ಅತ್ತೆ. ಐವತ್ತೆರಡನೇ ನಿಮಿಷಕ್ಕೆ ಅನುಮತಿ ಬಂತು. ಸದ್ದು ಬಂದದ್ದೇ ಅವಳ ಬೆರಳುಗಳು ಹೇಗೆ ಓಡಿದವೆಂದರೆ ಮೇಲ್ವಿಚಾರಕರು ಬಂದು ಹಿಂದೆ ನಿಂತು ನೋಡಿದರು. ಆದರೂ ಹತ್ತೊಂಬತ್ತು ಪ್ರಶ್ನೆಗಳನ್ನು ಮುಟ್ಟಲು ಆಗಲಿಲ್ಲ.

ಆಘಾತ ಅಲ್ಲಿಗೆ ಮುಗಿಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ನಮ್ಮ ಸಾಫ್ಟ್‌ವೇರ್ ಪ್ರತಿಯೊಬ್ಬರ ವರದಿಯನ್ನೂ ತಾನೇ ಸಿದ್ಧಮಾಡುತ್ತದೆ. ನಾಗವೇಣಿಯ ವರದಿಯಲ್ಲಿ ಒಂದು ಸಾಲು: ಅಭ್ಯರ್ಥಿ ನಿಷ್ಕ್ರಿಯ, ಐವತ್ತೆರಡು ನಿಮಿಷ. ನಿಷ್ಕ್ರಿಯ ಎಂಬ ಪದ ಆರಿಸಿದವಳೂ ನಾನೇ. ಕಾಗದದ ಪ್ರಕಾರ ಅವಳು ಐವತ್ತೆರಡು ನಿಮಿಷ ಏನೂ ಮಾಡದೆ ಸುಮ್ಮನೆ ಕೂತಿದ್ದಳು, ಅಷ್ಟೆ.

ಆಕ್ಷೇಪಣೆಗೆ ಮೂರು ದಿನ ಕಾಲಾವಕಾಶ. "ನಡೆದದ್ನ ಬರ್ದು ಕೊಡಿ ಸುಮಕ್ಕ, ನಾನ್ ಅರ್ಜಿ ಜೊತೆಗ್ ಆಕ್ತೀನಿ," ಅಂದಿದ್ದಳು. ಸೋಮವಾರ ಪ್ರಭಾಕರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಸುಮಾ, ಬರೆದು ಕೊಡಿ, ಬೇಡ ಅನ್ನಲ್ಲ. ಕೇಂದ್ರದಲ್ಲಿ ತಾಂತ್ರಿಕ ಅಡಚಣೆ ಆಯ್ತು ಅಂತ ಬರೀರಿ. ನಮ್ಮ ಹಾಳೆ ವಿಷಯ ಎತ್ತಬೇಡಿ. ಹದಿನಾಲ್ಕು ಜನರ ಅನ್ನ ಇದು."

ಹದಿನಾಲ್ಕರಲ್ಲಿ ನಾನೂ ಒಬ್ಬಳು. ಅವರು ಹೇಳಿದ ಹಾಗೇ ಬರೆದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬರೆಯುವಾಗ ನನ್ನ ಕೈ ನಡುಗಲಿಲ್ಲ. ಚೆನ್ನಾಗಿ, ಒಳ್ಳೆಯ ಕನ್ನಡದಲ್ಲಿ ಬರೆದೆ.

ಮಂಗಳವಾರ ಅದನ್ನು ಹಿಡಿದು ನರ್ಸಿಂಗ್ ಹೋಮಿಗೆ ಹೋದೆ. ರಿಸೆಪ್ಶನ್ ಹಿಂದಿನ ಸಣ್ಣ ಕೋಣೆಯಲ್ಲಿ ಟೆಲಿಫೋನ್ ಮುಂದೆ ಕೂತಿದ್ದಳು. ಓದಿ ಹೇಳಲಾ ಅಂದೆ. ಬೇಡ ಅಂದು ಕಾಗದವನ್ನು ಮೇಜಿನ ಮೇಲೆ ಹರಡಿ, ಮೊಬೈಲನ್ನು ಅದರ ಮೇಲೆ ಅಡ್ಡಲಾಗಿ ಹಿಡಿದು ಫೋಟೋ ತೆಗೆದಳು. ಮೊಬೈಲು ಓದತೊಡಗಿತು. ಕೊನೆಯವರೆಗೂ ಕೇಳಿದಳು. ಮತ್ತೊಮ್ಮೆ ಹಾಕಿ ಕೇಳಿದಳು.

"ಇದ್ರಲ್ಲಿ ನೀವೇ ಇಲ್ವಲ್ಲ ಸುಮಕ್ಕ."

ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಟೆಲಿಫೋನ್ ಹೊಡೆದುಕೊಂಡಿತು. "ನಮಸ್ಕಾರ, ಹೇಳಿ," ಅಂದು ಯಾವುದೋ ವಾರ್ಡಿಗೆ ಲೈನ್ ಕೊಟ್ಟಳು. ದನಿಯಲ್ಲಿ ಒಂದು ಚೂರೂ ಬಿರುಕಿರಲಿಲ್ಲ. ರಿಸೀವರ್ ಇಟ್ಟು ಕಾಗದವನ್ನು ಮಡಿಸಿ ನನ್ನ ಕಡೆಗೆ ಸರಿಸಿದಳು. ಬಯ್ಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಜಗಳ ಮಾಡಿಕೊಂಡು ಎದ್ದು ಬರುತ್ತಿದ್ದೆನೇನೋ.

ಒಂದು ಬಿಳಿ ಹಾಳೆ ಇಸಿದುಕೊಂಡು ಅಲ್ಲೇ ಬರೆಯಲು ಕೂತೆ. ಎರಡು ಸಾಲು ಬರೆದ ಮೇಲೆ ಹೊಳೆಯಿತು, ನನ್ನ ಕೋಳಿಕಾಲಿನ ಅಕ್ಷರವನ್ನು ಅವಳ ಮೊಬೈಲು ಓದಲಾರದು. ಎದ್ದು ಎದುರಿನ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆಗೆ ಒಂದೊಂದೇ ವಾಕ್ಯ ಹೇಳಿ ಟೈಪ್ ಮಾಡಿಸಿದೆ. ಸದ್ದು ಸ್ಥಗಿತಗೊಳಿಸಲು ಲಿಖಿತ ಸೂಚನೆ ಕೊಟ್ಟವಳು ನಾನು. ಅದನ್ನು ಹಿಂಪಡೆಯಲು ಮರೆತವಳು ನಾನು. ಅಭ್ಯರ್ಥಿ ನಿಷ್ಕ್ರಿಯರಾಗಿರಲಿಲ್ಲ, ನಮ್ಮ ತಪ್ಪಿನಿಂದ ಕಾಯುತ್ತಿದ್ದರು. ಟೈಪ್ ಮಾಡುತ್ತಿದ್ದಾಕೆ ನಡುವೆ ಒಮ್ಮೆ ನಿಲ್ಲಿಸಿ ನನ್ನ ಮುಖ ನೋಡಿ, "ಹೀಗೇ ಹಾಕ್ಲಾ ಮೇಡಂ?" ಅಂದಳು. ಹಾಕಿ ಅಂದೆ.

ವಾಪಸ್ಸು ಬಂದು ಕೊಟ್ಟೆ. ಮತ್ತೆ ಮೊಬೈಲು ಹಿಡಿದಳು. ಈ ಸಲ ವೇಗ ತಗ್ಗಿಸಿ ನನಗೂ ತಿಳಿಯುವ ಹಾಗೆ ಹಾಕಿದಳು. ಆ ಏರಿಳಿತವಿಲ್ಲದ ಯಂತ್ರದ ದನಿಯಲ್ಲಿ ನನ್ನ ಹೆಸರು, ನನ್ನ ಹುದ್ದೆ, ನನ್ನ ತಪ್ಪು ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡೆ. ಅವಳು ಕಾಗದವನ್ನು ಕಂದು ಬ್ಯಾಗಿಗೆ ಸೇರಿಸಿದಳು.

ಪ್ರಭಾಕರ್ ನನ್ನೊಡನೆ ಮಾತು ಬಿಟ್ಟರು. ಫೆಬ್ರವರಿಗೆ ನಾನೇ ಕೆಲಸ ಬಿಟ್ಟೆ. ಕಂಪನಿ ಮುಳುಗಲಿಲ್ಲ, ಛೀಮಾರಿ ಹಾಕಿಸಿಕೊಂಡು ಉಳಿದುಕೊಂಡಿತು. ನಾಗವೇಣಿಯೊಬ್ಬಳಿಗೇ ಡಿಸೆಂಬರಿನಲ್ಲಿ ಮರುಪರೀಕ್ಷೆ ಇಟ್ಟರು. ನಾನು ಒಳಗೆ ಹೋಗುವ ಹಾಗಿರಲಿಲ್ಲ, ಗೇಟಿನ ಹೊರಗೆ ಇಮ್ರಾನನ ಜೊತೆ ನಿಂತು ನಾಲ್ಕು ಟೀ ಕುಡಿದೆ. ಏಪ್ರಿಲ್‌ನಲ್ಲಿ ಪಟ್ಟಿ ಬಂತು, ಅವಳ ಹೆಸರಿತ್ತು. ಇಮ್ರಾನ್ ಫೋನಿನಲ್ಲಿ ಸಿಕ್ತು ಮೇಡಂ, ಸಿಕ್ತು ಅಂತ ಕೂಗುತ್ತಿದ್ದ, ನನಗೆ ಬೀದಿಯಲ್ಲಿ ನಿಂತಲ್ಲೇ ಕಣ್ಣು ತುಂಬಿತು. ಜೂನ್‌ನಲ್ಲಿ ಅವಳು ಮೈಸೂರಿನಲ್ಲೇ ಒಂದು ಇಲಾಖೆಯ ಕಚೇರಿಗೆ ಸೇರಿದಳು.

ಸೇರಿದ ವಾರ ಕಳೆದು ಶನಿವಾರ ಫೋನ್ ಮಾಡಿದಳು.

"ಹೇಗಿದೆ ನಾಗವೇಣಿ, ಹೊಸ ಆಫೀಸು?"

"ಎಲ್ರೂ ಒಳ್ಳೇರು ಸುಮಕ್ಕ. ಫ್ಯಾನ್ ಕೆಳಗೇ ಕುರ್ಚಿ ಆಕ್ಕೊಟ್ಟವ್ರೆ."

"ಮತ್ತೆ ಕೆಲಸ?"

ಹಿಂದೆ ಅವರ ಬೀದಿಯ ಸದ್ದು ಕೇಳುತ್ತಿತ್ತು, ಯಾವುದೋ ಗ್ಯಾರೇಜಿನಲ್ಲಿ ಕಬ್ಬಿಣ ಬಡಿಯುತ್ತಿದ್ದರು.

"ಕಂಪ್ಯೂಟರ್ ಕೊಟ್ಟವ್ರೆ. ಅವ್ರ್ ಸಾಫ್ಟ್‌ವೇರು ನೆಟ್ಗ್ ಮಾತಾಡಲ್ಲ, ಒಂದ್ ಬಟನ್ನಿಗೂ ಎಸ್ರಿಲ್ಲ. ಯಾವ್ ಕೀ ಒತ್ತುದ್ರೂ ಬಟನ್, ಬಟನ್, ಬಟನ್ ಅಂತದೆ ಅಷ್ಟೇ. ಸಾಹೇಬ್ರಿಗ್ ಏಳ್ದೆ. ನೀವ್ ಆರಾಮಾಗ್ ಕೂತ್ಕಳಿ ಮೇಡಂ, ನಿಮ್ ಫೈಲೆಲ್ಲ ಪಕ್ಕದವ್ರು ಮಾಡಾಕ್ತಾರೆ, ನೀವ್ ಸೈನ್ ಮಾಡುದ್ರೆ ಸಾಕು ಅಂದ್ರು."

"ಬರೀ ಸೈನಾ?" ಅಂದೆ.

"ಕೆಲ್ಸ ಸಿಕ್ತು ಸುಮಕ್ಕ," ಅಂದಳು. "ಮಾಡಕ್ ಬುಡ್ತಿಲ್ಲ."